ಪರವೂರಿನ ರಸ್ತೆಯಲ್ಲಿ 40 ನಿಮಿಷ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಮ್ಯಾಲೇಗ್ ಎಂಬ ಮೀನುಗಾರರ ಊರಿದೆ. ರೈಲು ಹಳಿ ಅಲ್ಲಿಗೆ ಮುಗಿಯುತ್ತದೆ. ಎದುರಿನ ಸ್ಕೈ ದ್ವೀಪಕ್ಕೆ ಹೋಗುವವರು ಬಂದರಿನಲ್ಲಿ ಫೆರಿ ಹತ್ತುತ್ತಾರೆ. ಹ್ಯಾರಿ ಪಾಟರ್ ಸಿನಿಮಾದಲ್ಲಿ ಉಗಿಬಂಡಿ ದಾಟುವ ಕಮಾನುಗಳ ಸೇತುವೆ ಇದೇ ಹಳಿಯ ಮೇಲಿದೆ. ಇಷ್ಟು ದೂರದ, ಇಷ್ಟು ಸಣ್ಣ ಊರಿನಲ್ಲೂ ಡ್ರೈವಿಂಗ್ ಟೆಸ್ಟ್ ನಡೆಯುತ್ತದೆ. ಯಾವ ಕೇಂದ್ರದಲ್ಲಿ ನೂರಕ್ಕೆ ಎಷ್ಟು ಮಂದಿ ಪಾಸಾದರು ಎಂಬ ಲೆಕ್ಕವನ್ನು ಬ್ರಿಟನ್ ಸರ್ಕಾರ ಪ್ರಕಟಿಸುತ್ತದೆ. ಆ ಪಟ್ಟಿಯ ಮೇಲ್ತುದಿಯಲ್ಲಿ ಮ್ಯಾಲೇಗ್, ಗೇರ್‌ಲಾಖ್‌ನಂಥ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ತಳದಲ್ಲಿ ಲಂಡನ್ನಿನ ಎರಿತ್, ನಡುನಾಡಿನ ವುಲ್ವರ್‌ಹ್ಯಾಂಪ್ಟನ್‌ನಂಥ ಜನದಟ್ಟಣೆಯ ಕೇಂದ್ರಗಳು ಕಾಣಿಸುತ್ತವೆ. ದೇಶದ ಸರಾಸರಿ ನೂರಕ್ಕೆ ಐವತ್ತರ ಒಳಗೇ ಇದೆ. ಅಂದರೆ ಟೆಸ್ಟಿಗೆ ಕೂತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಫೇಲಾಗುತ್ತಾರೆ.

ಲಂಡನ್ನಿನಲ್ಲಿ ಕಲಿತು ಸ್ಕಾಟ್ಲೆಂಡಿಗೆ ಹೋಗಿ ಟೆಸ್ಟ್ ಕೊಟ್ಟು ಬಂದವರಿದ್ದಾರೆ. ಪಾಸಾಗುವವರ ಪ್ರಮಾಣ ನೋಡಿ ಹೋದವರು ಕೆಲವರು, ಬೇರೆಲ್ಲೂ ದಿನಾಂಕ ಸಿಗದೆ ಹೋದವರು ಇನ್ನು ಕೆಲವರು. ಹುಟ್ಟಿದಾಗಿನಿಂದ ನೋಡದ ಊರು, ಒಮ್ಮೆಯೂ ಗಾಡಿ ಓಡಿಸದ ರಸ್ತೆ, ಪಕ್ಕದಲ್ಲಿ ಟ್ಯಾಬ್ಲೆಟ್ ಹಿಡಿದು ಕೂತ ಅಪರಿಚಿತ ಪರೀಕ್ಷಕ. ಅಲ್ಲಿ ಸುಮಾರು 40 ನಿಮಿಷ ಕಾರು ಓಡಿಸಿ ತೋರಿಸಬೇಕು. ಇಂಥ ಟೆಸ್ಟಿನ ಬಗ್ಗೆ ಬ್ರಿಟನ್ನಿನಲ್ಲಿ ಈಗ ನಡೆದಿರುವ ಚರ್ಚೆ, ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರಿಗೂ ಇಲ್ಲಿ ಆರ್‌ಟಿಒ ಮೈದಾನದಲ್ಲಿ 8 ಹಾಕಿ ಡಿಎಲ್ ಪಡೆದ ನಮಗೂ ಸಂಬಂಧಿಸಿದ್ದು.

ದಿನಾಂಕ ಸಿಕ್ಕ ಕಡೆಗೆ ಪಯಣ

ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಟೆಸ್ಟ್ ನಡೆಸುವುದು ಡಿವಿಎಸ್‌ಎ ಎಂಬ ಸರ್ಕಾರಿ ಸಂಸ್ಥೆ. ಅದಕ್ಕೆ 300ಕ್ಕೂ ಹೆಚ್ಚು ಪರೀಕ್ಷಾ ಕೇಂದ್ರಗಳಿವೆ. ನೀವು ಇರುವ ಊರಿಗೂ ಟೆಸ್ಟ್ ಕೊಡುವ ಊರಿಗೂ ಗಂಟು ಹಾಕಿಲ್ಲ. ಯಾವ ಕೇಂದ್ರವನ್ನಾದರೂ ಆರಿಸಿಕೊಳ್ಳಬಹುದು. ವಾರದ ದಿನದ ಶುಲ್ಕ 62 ಪೌಂಡ್. ಕೊರೊನಾಕ್ಕೆ ಮೊದಲು, 2020ರ ಫೆಬ್ರುವರಿಯಲ್ಲಿ, ಸುಮಾರು 5 ವಾರ ಕಾದರೆ ಟೆಸ್ಟ್ ಸಿಗುತ್ತಿತ್ತು. ಆಮೇಲೆ ತಿಂಗಳುಗಟ್ಟಲೆ ಟೆಸ್ಟ್‌ಗಳೇ ನಿಂತವು, ಕಲಿಯುವವರ ಸಾಲು ಬೆಳೆಯಿತು, ಕರೆದಷ್ಟು ಪರೀಕ್ಷಕರು ಕೆಲಸಕ್ಕೆ ಬರಲಿಲ್ಲ. ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2025ರ ಡಿಸೆಂಬರ್‌ನಲ್ಲಿ ಕೊಟ್ಟ ವರದಿಯ ಪ್ರಕಾರ ಆ ವರ್ಷದ ಸೆಪ್ಟೆಂಬರ್ ಹೊತ್ತಿಗೆ ಸರಾಸರಿ ಕಾಯುವಿಕೆ 22 ವಾರಕ್ಕೆ ಮುಟ್ಟಿತ್ತು. 24 ವಾರಗಳಾಚೆಗಿನ ದಿನಾಂಕವನ್ನು ಸಂಸ್ಥೆಯ ಕಂಪ್ಯೂಟರ್ ಕೊಡುವುದೇ ಇಲ್ಲ. ಹಾಗಾಗಿ ಬಹುಪಾಲು ಕೇಂದ್ರಗಳು ಆ ಗರಿಷ್ಠ ಮಿತಿಗೇ ಬಂದು ನಿಂತಿದ್ದವು.

ಸೋಮವಾರ ಬೆಳಗ್ಗೆ 6 ಗಂಟೆಗೆ ಹೊಸ ದಿನಾಂಕಗಳು ಬಿಡುಗಡೆಯಾಗುತ್ತವೆ. ಕಲಿಯುವ ಹುಡುಗ ಹಾಸಿಗೆಯಿಂದೆದ್ದು ಮೊಬೈಲ್ ಹಿಡಿಯುವಷ್ಟರಲ್ಲಿ ತಂತ್ರಾಂಶಗಳು ಆ ದಿನಾಂಕಗಳನ್ನು ಬಾಚಿಕೊಂಡಿರುತ್ತವೆ. ಹಾಗೆ ಬಾಚಿದ್ದನ್ನು ಮಧ್ಯವರ್ತಿಗಳು 500 ಪೌಂಡಿನವರೆಗೂ ಮಾರಿದ್ದನ್ನು ಅದೇ ವರದಿ ದಾಖಲಿಸಿದೆ. ಅಷ್ಟು ಹಣ ಕೊಡಲಾರದವರಿಗೆ ಉಳಿಯುವ ದಾರಿ ಒಂದೇ. ನಕ್ಷೆಯಲ್ಲಿ ಬೆರಳು ಸರಿಸುತ್ತ, ತಮ್ಮೂರಿನಿಂದ ಎಷ್ಟು ದೂರವಾದರೂ ಸರಿ, ದಿನಾಂಕ ತೋರಿಸುವ ಕೇಂದ್ರ ಹುಡುಕುವುದು.

ಸರ್ಕಾರ ಸುಮ್ಮನೆ ಕೂತಿಲ್ಲ. ಕಲಿಯುವವರು ತಾವೇ ಟೆಸ್ಟ್ ಕಾದಿರಿಸಬೇಕು, ತರಬೇತುದಾರರಾಗಲಿ ಮಧ್ಯವರ್ತಿಗಳಾಗಲಿ ಅವರ ಪರವಾಗಿ ಮಾಡುವಂತಿಲ್ಲ, ಕಾದಿರಿಸಿದ್ದನ್ನು ಎಷ್ಟು ಸಲ ಬದಲಿಸಬಹುದು ಎಂಬುದಕ್ಕೆ ಮಿತಿ ಇರುತ್ತದೆ, ದೂರದ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳುವಂತಿಲ್ಲ ಎಂಬ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಸೇನೆಯ ಪರೀಕ್ಷಕರನ್ನೂ ವಾರಕ್ಕೊಂದು ದಿನ ಸಾರ್ವಜನಿಕರ ಟೆಸ್ಟಿಗೆ ಕರೆಸುವುದಾಗಿ ಹೇಳಿತು. ದೂರದ ಯಾವುದೋ ಕೇಂದ್ರದಲ್ಲಿ ಸುಲಭವಾಗಿ ಸಿಗುವ ದಿನಾಂಕ ಹಿಡಿದು, ಆಮೇಲೆ ಅದನ್ನು ಲಂಡನ್ನಿಗೆ ಬದಲಿಸಿ ಮಾರುವ ದಂಧೆಗೆ ಈ ನಿಯಮಗಳಿಂದ ಕಡಿವಾಣ ಬೀಳುತ್ತದೆ. ಆದರೆ ನಿಜವಾಗಿಯೂ ದೂರದ ಊರಿಗೆ ಹೋಗಿ ಟೆಸ್ಟ್ ಕೊಡಬೇಕಾದವರ ಕಷ್ಟ ಇದರಿಂದ ಕಡಿಮೆಯಾಗುವುದಿಲ್ಲ. ಅದಕ್ಕೆ ಪರೀಕ್ಷಕರ ಸಂಖ್ಯೆಯೇ ಹೆಚ್ಚಬೇಕು.

ಖರ್ಚನ್ನು ಕೂಡಿ ನೋಡಿದರೆ ಯಾರ ಮೇಲೆ ಹೊರೆ ಬೀಳುತ್ತಿದೆ ಎಂಬುದು ಅರ್ಥವಾಗುತ್ತದೆ. ರೈಲು ಟಿಕೆಟ್, ಹಿಂದಿನ ರಾತ್ರಿ ತಂಗಲು ಕೋಣೆ, ಆ ಊರಿನ ತರಬೇತುದಾರರ ಕಾರಿನ ಬಾಡಿಗೆ, ಒಂದೆರಡು ಗಂಟೆಯ ಪಾಠ, ಕೆಲಸಕ್ಕೆ ರಜೆ. ಸ್ವಂತ ಕಾರು ಒಯ್ದರೂ ಕಲಿಕೆಯ ಲೈಸೆನ್ಸ್ ಇರುವವರ ಪಕ್ಕದಲ್ಲಿ 21 ವರ್ಷ ದಾಟಿದ, ಲೈಸೆನ್ಸ್ ಪಡೆದು 3 ವರ್ಷವಾದ ಒಬ್ಬರು ಕೂತಿರಲೇಬೇಕು. ಆ ಒಬ್ಬರನ್ನು ಹೊಂದಿಸುವುದು ಹೊಸದಾಗಿ ಬಂದ ವಲಸಿಗರಿಗೆ ಸುಲಭವಲ್ಲ. ಅಪ್ಪ ಅಮ್ಮನ ಕಾರಿನಲ್ಲಿ ವಾರಾಂತ್ಯ ಅಭ್ಯಾಸ ಮಾಡಿದ ಹುಡುಗಿಗೂ ಎರಡು ಪಾಳಿ ಕೆಲಸ ಮಾಡಿ ಉಳಿಸಿದ ದುಡ್ಡಿನಲ್ಲಿ ಕಲಿಯುತ್ತಿರುವ ಆರೈಕೆ ಕೆಲಸದವನಿಗೂ ಒಂದೇ ಸಾಲು, ಒಂದೇ ಶುಲ್ಕ ಎಂದು ಕಾಗದದ ಮೇಲೆ ಇದೆ. ಇನ್ನೂರು ಮೈಲಿಯ ಪ್ರಯಾಣ ಸೇರಿದಾಗ ಆ ಸಮಾನತೆ ಹೋಗಿಬಿಡುತ್ತದೆ. ಇದು ಅನ್ಯಾಯ.

ನಮ್ಮವರ ಹನ್ನೆರಡು ತಿಂಗಳು

ರೆಡಿಂಗ್, ಸ್ಲೌ, ಮಿಲ್ಟನ್ ಕೀನ್ಸ್‌ಗಳಿಗೆ ಐಟಿ ಕೆಲಸಕ್ಕೆ ಹೋದವರು, ಮಂಗಳೂರಿನ ಕಾಲೇಜುಗಳಲ್ಲಿ ನರ್ಸಿಂಗ್ ಓದಿ ಅಲ್ಲಿನ ಸರ್ಕಾರಿ ಆಸ್ಪತ್ರೆ ಸೇರಿದವರು, ಓದಲು ಹೋಗಿ ಉಳಿದವರು, ಎಲ್ಲರಿಗೂ ಒಂದು ಲೆಕ್ಕ ಗೊತ್ತಿರುತ್ತದೆ. ಭಾರತದ ಡಿಎಲ್ ಇಟ್ಟುಕೊಂಡು ಅಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಕಾರು ಓಡಿಸಬಹುದು. ಆಮೇಲೆ ಅದು ನಡೆಯುವುದಿಲ್ಲ. ಆಸ್ಟ್ರೇಲಿಯಾ, ಜಪಾನ್, ಸಿಂಗಪುರ, ದಕ್ಷಿಣ ಆಫ್ರಿಕಾ ಮೊದಲಾದ ಕೆಲವು ದೇಶಗಳ ಲೈಸೆನ್ಸನ್ನು ಟೆಸ್ಟ್ ಇಲ್ಲದೆ ಬ್ರಿಟಿಷ್ ಲೈಸೆನ್ಸಿಗೆ ಬದಲಿಸಿಕೊಡುತ್ತಾರೆ. ಆ ಪಟ್ಟಿಯಲ್ಲಿ ಭಾರತ ಇಲ್ಲ. ಹತ್ತು ವರ್ಷ ಬೆಂಗಳೂರಿನ ಸಿಲ್ಕ್‌ಬೋರ್ಡಿನಲ್ಲಿ ಕ್ಲಚ್ ತುಳಿದವರೂ ಹದಿನೇಳು ತುಂಬಿದ ಇಂಗ್ಲಿಷ್ ಹುಡುಗನ ಜೊತೆಗೆ ಅದೇ ಸಾಲಿನಲ್ಲಿ ನಿಲ್ಲಬೇಕು. ಮೊದಲು ಥಿಯರಿ ಪರೀಕ್ಷೆ, ಆಮೇಲೆ ರಸ್ತೆ.

ಟೆಸ್ಟಿಗೆ ಕಾಯುವುದೇ ಐದಾರು ತಿಂಗಳಾದಾಗ ಈ 12 ತಿಂಗಳು ಬೇಗ ಕರಗುತ್ತದೆ. ಹೊಸ ಕೆಲಸ, ಮನೆ ಹುಡುಕಾಟ, ಮಕ್ಕಳ ಶಾಲೆ ಎಂದು ಮೊದಲ ಕೆಲವು ತಿಂಗಳು ಕಳೆದವರು ಎಚ್ಚೆತ್ತು ನೋಡಿದಾಗ ಹತ್ತಿರದ ಕೇಂದ್ರದಲ್ಲಿ ದಿನಾಂಕವಿರುವುದಿಲ್ಲ. ಹೀಗಾಗಿ ಪರವೂರಿನಲ್ಲಿ ಟೆಸ್ಟ್ ಕೊಟ್ಟವರ ಪೈಕಿ ನಮ್ಮವರು ಸಾಕಷ್ಟು ಮಂದಿ ಸಿಗುತ್ತಾರೆ. ಅವರಿಗೆ ಗಾಡಿ ಎಡಬದಿಯಲ್ಲಿ ಓಡಿಸುವುದು ಹೊಸದಲ್ಲ, ಗೇರು ಹೊಸದಲ್ಲ. ಎಡವುವುದು ಬೇರೆ ಕಡೆ. ನಮ್ಮ ಊರುಗಳಲ್ಲಿ ಚಾಲಕನ ಗಮನವೆಲ್ಲ ಎದುರಿಗೆ, ಹಿಂದಿನವನು ಹಾರ್ನ್ ಹೊಡೆದು ತಾನು ಇದ್ದೇನೆಂದು ಹೇಳುತ್ತಾನೆ. ಅಲ್ಲಿ ಹಾರ್ನ್ ಕೇಳುವುದು ಅಪರೂಪ. ಹಿಂದಿನವನನ್ನು ಕನ್ನಡಿಯಲ್ಲಿ ನೀವೇ ಹುಡುಕಿಕೊಳ್ಳಬೇಕು. ಇಂಡಿಕೇಟರ್ ಹಾಕುವ ಮೊದಲು, ವೇಗ ಬದಲಿಸುವ ಮೊದಲು, ದಿಕ್ಕು ಬದಲಿಸುವ ಮೊದಲು ಕನ್ನಡಿ ನೋಡಬೇಕು. ಹೊರಡುವಾಗ ಕನ್ನಡಿಗೆ ಕಾಣದ ಮೂಲೆಯನ್ನು ಕತ್ತು ತಿರುಗಿಸಿ ನೋಡಬೇಕು. ಸರ್ಕಲ್ಲಿನಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು, ಯಾರೂ ಬಾರದಿದ್ದರೆ ನಿಲ್ಲದೆ ನುಗ್ಗಬೇಕು. ಸುಮ್ಮನೆ ಹಿಂಜರಿದು ನಿಂತರೂ ತಪ್ಪೇ.

ಪರೀಕ್ಷಕರನ್ನು ಕಂಡರೆ ನಮ್ಮವರಿಗೆ ಇರುವ ಭಯ ಇನ್ನೊಂದು ತೊಡಕು. ಬ್ರೇಕ್ ಇನ್‌ಸ್ಪೆಕ್ಟರ್ ಎದುರು ಬಾಯಿ ಬಿಡಬಾರದೆಂದು ಊರಿನಲ್ಲಿ ಕಲಿತವರು ಅಲ್ಲೂ ಮೌನವಾಗಿರುತ್ತಾರೆ. ಸೂಚನೆ ಸರಿಯಾಗಿ ಕೇಳಿಸದಿದ್ದರೆ, ಎಡಕ್ಕೆ ಎಂದರೋ ಎರಡನೆಯ ಎಡಕ್ಕೆ ಎಂದರೋ ಗೊಂದಲವಾದರೆ, ಇನ್ನೊಮ್ಮೆ ಹೇಳಿ ಎಂದು ಕೇಳಬಹುದು. ಅದಕ್ಕೆ ಅಂಕ ಕಳೆಯುವುದಿಲ್ಲ. ಕೇಳದೆ ಕೊನೆಯ ಗಳಿಗೆಯಲ್ಲಿ ಲೇನ್ ಬದಲಿಸಿದರೆ ಟೆಸ್ಟ್ ಅಲ್ಲೇ ಮುಗಿಯಬಹುದು.

ದಾರಿ ತಪ್ಪಿದರೆ ತಪ್ಪಲ್ಲ

ಪರವೂರಿನ ಟೆಸ್ಟಿಗೆ ಹೊರಟವರ ದೊಡ್ಡ ಹೆದರಿಕೆ ದಾರಿಯದು. ಎಲ್ಲಿ ಯಾವ ಲೇನ್ ಹಿಡಿಯಬೇಕೋ, ಯಾವ ಸರ್ಕಲ್ಲಿನಲ್ಲಿ ಯಾವ ದಾರಿಯೋ ಎಂಬ ಕಳವಳ. ಟೆಸ್ಟಿನ ನಿಯಮ ನೋಡಿದರೆ ಈ ಹೆದರಿಕೆಯ ಅರ್ಧಭಾಗಕ್ಕೆ ಬುಡವೇ ಇಲ್ಲ.

2010ರ ಅಕ್ಟೋಬರ್‌ವರೆಗೆ ಅಲ್ಲಿನ ಟೆಸ್ಟ್ ಮಾರ್ಗಗಳನ್ನು ಅಧಿಕೃತವಾಗಿ ಪ್ರಕಟಿಸುತ್ತಿದ್ದರು. ತರಬೇತುದಾರರು ಅದೇ ಬೀದಿಗಳಲ್ಲಿ ಅದೇ ತಿರುವುಗಳನ್ನು ಹತ್ತಾರು ಸಲ ಹಾಕಿಸುತ್ತಿದ್ದರು. ಗೈಡ್ ಉರುಹೊಡೆದು ಪರೀಕ್ಷೆ ಬರೆದ ಹಾಗೆ ಮಕ್ಕಳು ಪಾಸಾಗುತ್ತಿದ್ದರು. ಆ ಪ್ರಕಟಣೆ ನಿಂತ ಹೊತ್ತಿಗೇ ಟೆಸ್ಟಿಗೆ ಹೊಸದೊಂದು ಭಾಗ ಸೇರಿತು. ಪರೀಕ್ಷಕರು ಪ್ರತಿ ತಿರುವನ್ನೂ ಹೇಳುವುದಿಲ್ಲ. ಫಲಕಗಳನ್ನು ನೋಡಿಕೊಂಡು, ಅಥವಾ ಮೊದಲೇ ಹೇಳಿದ ಕೆಲವು ತಿರುವುಗಳನ್ನು ನೆನಪಿಟ್ಟುಕೊಂಡು ಸುಮಾರು 10 ನಿಮಿಷ ತಾನಾಗಿ ಓಡಿಸಬೇಕು. 2017ರ ಡಿಸೆಂಬರ್ 4ರಿಂದ ಅದು 20 ನಿಮಿಷಕ್ಕೆ ಏರಿತು, ಜೊತೆಗೆ ಸ್ಯಾಟ್‌ನ್ಯಾವ್ ಬಂತು. ಐದರಲ್ಲಿ ನಾಲ್ಕು ಟೆಸ್ಟ್‌ಗಳಲ್ಲಿ ಪರೀಕ್ಷಕರೇ ತಂದ ಸಾಧನ ದಾರಿ ಹೇಳುತ್ತದೆ, ಉಳಿದದ್ದರಲ್ಲಿ ರಸ್ತೆಯ ಫಲಕಗಳೇ ಗತಿ. 2025ರ ಕೊನೆಯಲ್ಲಿ ಬಂದ ಬದಲಾವಣೆಯಿಂದ ಪರೀಕ್ಷಕರು ಬೇಕೆಂದರೆ ಈ ಭಾಗವನ್ನು ಇಡೀ ಟೆಸ್ಟಿಗೆ ಹಬ್ಬಿಸಬಹುದು.

ಇದರಲ್ಲಿ ದಾರಿ ತಪ್ಪುವುದು ದೋಷವಲ್ಲ. ಎಡಕ್ಕೆ ಹೋಗು ಎಂದ ಕಡೆ ನೀವು ಬಲಗಡೆ ಲೇನಿನಲ್ಲಿ ಸಿಕ್ಕಿಕೊಂಡಿದ್ದರೆ, ಸರಿಯಾಗಿ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ ಬಲಕ್ಕೇ ಹೋದರೆ ಪರೀಕ್ಷಕರು ಬೇರೆ ದಾರಿಯಿಂದ ಕರೆತರುತ್ತಾರೆ. ದೋಷದ ಲೆಕ್ಕ ಬೇರೆ. ಸಣ್ಣ ದೋಷ 15ರವರೆಗೆ ಕ್ಷಮ್ಯ. ಗಂಭೀರ ಅಥವಾ ಅಪಾಯಕಾರಿ ದೋಷ ಒಂದೇ ಆದರೂ ಫೇಲು. ಹೆಚ್ಚಿನವರು ಫೇಲಾಗುವ ಕಾರಣಗಳ ಪಟ್ಟಿಯನ್ನು ಡಿವಿಎಸ್‌ಎ ಪ್ರಕಟಿಸುತ್ತದೆ. ಕೂಡುರಸ್ತೆಗಳಲ್ಲಿ ಸರಿಯಾಗಿ ಗಮನಿಸದಿರುವುದು, ದಿಕ್ಕು ಬದಲಿಸುವಾಗ ಕನ್ನಡಿ ನೋಡದಿರುವುದು, ಸುರಕ್ಷಿತವಾಗಿ ಹೊರಡದಿರುವುದು, ಬಲಕ್ಕೆ ತಿರುಗುವಾಗ ನಿಲ್ಲಬೇಕಾದ ಜಾಗದಲ್ಲಿ ನಿಲ್ಲದಿರುವುದು, ಸಿಗ್ನಲ್ಲಿಗೆ ತಕ್ಕಂತೆ ನಡೆದುಕೊಳ್ಳದಿರುವುದು. ಇವುಗಳಲ್ಲಿ ಯಾವುದಕ್ಕೂ ಆ ಊರಿನ ದಾರಿ ಗೊತ್ತಿರಬೇಕಾಗಿಲ್ಲ.

ಹೆದರಿಕೆಯ ಉಳಿದರ್ಧ ಮಾತ್ರ ನಿಜ. ಒಂದೊಂದು ಊರಿನ ರಸ್ತೆಗೂ ಒಂದೊಂದು ಸ್ವಭಾವ. ಬೀದಿದೀಪಗಳಿರುವ, ಬೇರೆ ಫಲಕವಿಲ್ಲದ ರಸ್ತೆಯಲ್ಲಿ ಇಂಗ್ಲೆಂಡಿನಲ್ಲಿ ಗಂಟೆಗೆ 30 ಮೈಲಿ ಮಿತಿ. ಸೆವರ್ನ್ ನದಿಯ ಸೇತುವೆ ದಾಟಿ ವೇಲ್ಸ್ ಸೇರಿದರೆ 2023ರ ಸೆಪ್ಟೆಂಬರ್ 17ರಿಂದ ಅಂಥದೇ ರಸ್ತೆಯಲ್ಲಿ 20 ಮೈಲಿ. ಬ್ರಿಸ್ಟಲ್‌ನಲ್ಲಿ ಕಲಿತು ನ್ಯೂಪೋರ್ಟ್‌ನಲ್ಲಿ ಟೆಸ್ಟ್ ಕೊಡುವವರಿಗೆ ದೀಪದ ಕಂಬ ಹೇಳುವ ಮಾತೇ ಬದಲಾಗಿರುತ್ತದೆ. ರಸ್ತೆಯ ಮೇಲೆ ನಿಧಾನ ಎಂಬ ಸೂಚನೆ ಎರಡು ಭಾಷೆಗಳಲ್ಲಿ ಬರೆದಿರುತ್ತದೆ. ನಾಟಿಂಗ್‌ಹ್ಯಾಮ್, ಶೆಫೀಲ್ಡ್‌ಗಳಲ್ಲಿ ಟ್ರಾಮ್ ಹಳಿಗಳು ಕಾರಿನ ದಾರಿಯೊಳಗೇ ಬರುತ್ತವೆ, ಟ್ರಾಮ್‌ಗೆಂದೇ ಬೇರೆ ಸಿಗ್ನಲ್ ಇರುತ್ತದೆ. ಮಿಲ್ಟನ್ ಕೀನ್ಸ್‌ನಲ್ಲಿ ಅಡ್ಡ ಉದ್ದ ಹಾಸಿದ ಹೆದ್ದಾರಿಗಳು ಕೂಡುವಲ್ಲೆಲ್ಲ ಸರ್ಕಲ್ಲುಗಳು. ಸ್ವಿಂಡನ್‌ನಲ್ಲಿ 1972ರಲ್ಲಿ ಫ್ರಾಂಕ್ ಬ್ಲ್ಯಾಕ್‌ಮೋರ್ ಎಂಬ ಎಂಜಿನಿಯರ್ ರೂಪಿಸಿದ ವೃತ್ತದಲ್ಲಿ ಐದು ಪುಟ್ಟ ಸರ್ಕಲ್ಲುಗಳು ನಡುವಿನ ಒಂದರ ಸುತ್ತ ಕೂತಿವೆ, ಒಳಸುತ್ತಿನ ವಾಹನಗಳು ಉಳಿದೆಡೆಗೆ ವಿರುದ್ಧವಾಗಿ ಸುತ್ತುತ್ತವೆ. ಇನ್ನು ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಒಂದೇ ಕಾರು ಹಿಡಿಸುವ ರಸ್ತೆಗಳು. ಎದುರಿನವರಿಗೆ ದಾರಿ ಬಿಡಲು ಅಲ್ಲಲ್ಲಿ ಅಗಲ ಮಾಡಿದ ಜಾಗವನ್ನು ದೂರದಿಂದಲೇ ಗುರುತಿಸಿ ಕಾಯಬೇಕು. ಬಿಳಿ ವೃತ್ತದ ಮೇಲೆ ಕಪ್ಪು ಓರೆಗೆರೆಯ ಫಲಕ ಕಂಡರೆ ಇಬ್ಬದಿ ಸಂಚಾರದ ರಸ್ತೆಯಲ್ಲಿ 60 ಮೈಲಿ, ಅಂದರೆ ಸುಮಾರು 96 ಕಿಲೋಮೀಟರ್ ವೇಗಕ್ಕೆ ಅವಕಾಶವಿದೆ ಎಂದರ್ಥ. ತಿರುವಿನಾಚೆ ಕುರಿಮಂದೆ ಇರಬಹುದಾದ ದಾರಿಯಲ್ಲಿ ಎಷ್ಟು ವೇಗ ಸರಿ ಎಂಬುದನ್ನು ಮಾತ್ರ ಚಾಲಕನೇ ತೀರ್ಮಾನಿಸಬೇಕು.

ಹಿಂದಿನ ದಿನವೇ ಹೋಗಿ ಆ ಊರಿನ ತರಬೇತುದಾರರ ಜೊತೆ ಒಂದೆರಡು ಗಂಟೆ ಓಡಿಸುವುದರಲ್ಲಿ ಅರ್ಥವಿರುವುದು ಇದಕ್ಕಾಗಿ. ತಿರುವುಗಳನ್ನು ಬಾಯಿಪಾಠ ಮಾಡಲು ಹೋದರೆ ಆ ಗಂಟೆಗಳು ವ್ಯರ್ಥ. ಈ ಊರಿನಲ್ಲಿ ವೇಗದ ಮಿತಿ ಎಲ್ಲೆಲ್ಲಿ ಬದಲಾಗುತ್ತದೆ, ಬಸ್ ಲೇನ್ ಯಾವ ಹೊತ್ತಿಗೆ ಜಾರಿಯಲ್ಲಿರುತ್ತದೆ, ಸರ್ಕಲ್ಲಿನ ಲೇನ್ ಗುರುತು ಎಷ್ಟು ದೂರದಿಂದ ಶುರುವಾಗುತ್ತದೆ ಎಂದು ನೋಡಿಟ್ಟುಕೊಂಡವರಿಗೆ ಮರುದಿನ ನೆಮ್ಮದಿಯಿರುತ್ತದೆ.

ಕಣ್ಣು ಎಲ್ಲಿ ನೋಡುತ್ತದೆ

ಹೊಸ ಚಾಲಕರು ರಸ್ತೆಯನ್ನು ಹೇಗೆ ನೋಡುತ್ತಾರೆ ಎಂಬುದನ್ನು ಅರ್ಧ ಶತಮಾನದಿಂದ ಅಳೆಯುತ್ತ ಬಂದಿದ್ದಾರೆ. 1972ರಲ್ಲಿ ಅಮೆರಿಕದ ಮೌರಂಟ್ ಮತ್ತು ರಾಕ್‌ವೆಲ್ ಎಂಬ ಸಂಶೋಧಕರು ಚಾಲಕರ ಕಣ್ಣಿನ ಚಲನೆಯನ್ನು ದಾಖಲಿಸಿದಾಗ, ಹೊಸಬರ ದೃಷ್ಟಿ ಕಾರಿನ ಮೂತಿಗೆ ಹತ್ತಿರದ ರಸ್ತೆಯ ಮೇಲೇ ನೆಟ್ಟಿರುತ್ತದೆ, ಕನ್ನಡಿಯ ಕಡೆ ಕಡಿಮೆ ಹೊರಳುತ್ತದೆ ಎಂದು ಕಂಡಿತು. ಪಳಗಿದವರು ದೂರ ನೋಡುತ್ತಾರೆ, ಆಗಾಗ ಕನ್ನಡಿಗೆ ಬರುತ್ತಾರೆ. 1998ರಲ್ಲಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಕ್ರಂಡಲ್ ಮತ್ತು ಅಂಡರ್‌ವುಡ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ರಸ್ತೆ ಬದಲಾದರೆ ಪಳಗಿದ ಚಾಲಕರ ನೋಟದ ರೀತಿಯೂ ಬದಲಾಗುತ್ತದೆ. ಹಳ್ಳಿರಸ್ತೆಯಲ್ಲಿ ಒಂದು ಬಗೆ, ಹಲವು ಲೇನಿನ ರಸ್ತೆಯಲ್ಲಿ ಅಕ್ಕಪಕ್ಕಕ್ಕೆ ಅಗಲವಾಗಿ ಹರಡುವ ಇನ್ನೊಂದು ಬಗೆ. ಹೊಸಬರು ಎಲ್ಲ ರಸ್ತೆಯಲ್ಲೂ ಹೆಚ್ಚುಕಡಿಮೆ ಒಂದೇ ರೀತಿ ನೋಡುತ್ತಾರೆ.

ನನಗೆ ಈ ಸಂಶೋಧನೆ ಬಹಳ ಮುಖ್ಯವೆನಿಸುತ್ತದೆ. ಕಾರು ಓಡಿಸಲು ಬರುತ್ತದೆ ಎಂದರೆ ಕೈಕಾಲಿಗೆ ಬರುತ್ತದೆ ಎಂದಷ್ಟೇ ನಾವು ತಿಳಿದಿದ್ದೇವೆ. ಬದಲಾದ ರಸ್ತೆಗೆ ತಕ್ಕಂತೆ ನೋಟ ಬದಲಿಸುವುದು ಅದರ ದೊಡ್ಡ ಪಾಲು. ಅಭ್ಯಾಸದ ಬೀದಿಯಲ್ಲಿ ಅದು ಇದೆಯೋ ಇಲ್ಲವೋ ತಿಳಿಯುವುದೇ ಇಲ್ಲ, ಏಕೆಂದರೆ ಅಲ್ಲಿ ನೆನಪು ಕಣ್ಣಿನ ಕೆಲಸವನ್ನು ಮಾಡಿಬಿಡುತ್ತದೆ. 2007ರಲ್ಲಿ ಮಾರ್ಟೆನ್ಸ್ ಮತ್ತು ಫಾಕ್ಸ್ ಎಂಬ ಸಂಶೋಧಕರು ಸಿಮ್ಯುಲೇಟರಿನಲ್ಲಿ ಜನರಿಂದ ಒಂದೇ ರಸ್ತೆಯಲ್ಲಿ ಮತ್ತೆ ಮತ್ತೆ ಓಡಿಸಿದರು. ಸುತ್ತು ಹೆಚ್ಚಿದಂತೆ ಅವರು ಫಲಕಗಳನ್ನು ನೋಡುವ ಹೊತ್ತು ಕಡಿಮೆಯಾಗುತ್ತ ಬಂತು. ಕೊನೆಗೆ ಒಂದು ಕೂಡುರಸ್ತೆಯಲ್ಲಿ ಯಾರಿಗೆ ಮೊದಲ ಹಕ್ಕು ಎಂಬುದನ್ನೇ ಬದಲಿಸಿದಾಗ ಹಲವರ ಗಮನಕ್ಕೆ ಅದು ಬರಲಿಲ್ಲ. ಕಣ್ಣು ಫಲಕದ ಮೇಲೆ ಬಿದ್ದಿದ್ದರೂ ಹಳೆಯ ರೂಢಿಯಂತೆಯೇ ಓಡಿಸಿದವರಿದ್ದರು.

ಆದ್ದರಿಂದಲೇ ಗೊತ್ತಿಲ್ಲದ ಊರಿನ ರಸ್ತೆ ಚಾಲಕನನ್ನು ಅಳೆಯಲು ಒಳ್ಳೆಯ ಜಾಗ ಎಂದು ನಾನು ನಂಬುತ್ತೇನೆ. ಲೈಸೆನ್ಸ್ ಸಿಕ್ಕ ಮೇಲೆ ಯಾರೂ ತಮ್ಮ ಬೀದಿಯಲ್ಲೇ ಸುತ್ತುವುದಿಲ್ಲ. ಮ್ಯಾಲೇಗ್‌ನಲ್ಲಿ ಪಾಸಾದವರಿಗೆ ಮರುದಿನವೇ ಲಂಡನ್ ಸುತ್ತುವ ಎಂ25ರಲ್ಲಿ ಒಬ್ಬರೇ ಓಡಿಸುವ ಹಕ್ಕಿದೆ. ಹಾಗಿರುವಾಗ ವಾಹನ ವಿರಳವಾದ ಊರನ್ನು ಪಟ್ಟಿಯಲ್ಲಿ ಹುಡುಕಿ ಹೋಗುವುದು, ಕಲಿಯುವವರು ತಮಗೇ ಮಾಡಿಕೊಳ್ಳುವ ನಷ್ಟ. ಆ ಪಟ್ಟಿಯನ್ನು ನಂಬುವುದಕ್ಕೂ ಮಿತಿ ಇದೆ. ಸಣ್ಣ ಕೇಂದ್ರಗಳಲ್ಲಿ ವರ್ಷಕ್ಕೆ ನಡೆಯುವ ಟೆಸ್ಟ್‌ಗಳೇ ಕಡಿಮೆ, ನಾಲ್ಕಾರು ಮಂದಿ ಪಾಸಾದರೂ ಫೇಲಾದರೂ ಶೇಕಡಾವಾರು ಮೇಲೆ ಕೆಳಗೆ ಆಗುತ್ತದೆ. ಅಲ್ಲಿ ಟೆಸ್ಟ್ ಕೊಡುವ ಹಳ್ಳಿಯ ಮಕ್ಕಳಿಗೆ ಆ ರಸ್ತೆಗಳ ಪರಿಚಯ ಬಾಲ್ಯದಿಂದ ಇರುತ್ತದೆ. ದೂರದಿಂದ ಹೋದವರಿಗೆ ಅವರ ಫಲಿತಾಂಶವೇ ಬರಬೇಕೆಂದಿಲ್ಲ.

ಬೆಲಿಷಾ ದೀಪದ ಕಾಲ

ಈ ಟೆಸ್ಟ್ ಹುಟ್ಟಿದ್ದು ಸಾವಿನ ಲೆಕ್ಕದಿಂದ. 1934ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 7,343 ಮಂದಿ ಸತ್ತರು. ಆಗ ಇಡೀ ದೇಶದಲ್ಲಿದ್ದ ವಾಹನಗಳು ಸುಮಾರು 24 ಲಕ್ಷ. ಸಾರಿಗೆ ಸಚಿವರಾಗಿದ್ದ ಲೆಸ್ಲಿ ಹೋರ್ ಬೆಲಿಷಾ ಅವರ ಕಾಲದಲ್ಲಿ, 1935ರ ಮಾರ್ಚ್‌ನಲ್ಲಿ ಇಷ್ಟವಿದ್ದವರಿಗೆ ಟೆಸ್ಟ್ ಶುರುವಾಯಿತು, ಜೂನ್ 1ರಿಂದ ಹೊಸ ಚಾಲಕರಿಗೆ ಕಡ್ಡಾಯವಾಯಿತು. ಪಾದಚಾರಿಗಳು ರಸ್ತೆ ದಾಟುವ ಕಡೆ ಕಂಬದ ತುದಿಯಲ್ಲಿ ಮಿನುಗುವ ಕಿತ್ತಳೆ ಬಣ್ಣದ ಗೋಳಕ್ಕೆ ಇಂದಿಗೂ ಅವರದೇ ಹೆಸರು. ಆರಂಭದಲ್ಲಿ ಪರೀಕ್ಷಾ ಕೇಂದ್ರಗಳೇ ಇರಲಿಲ್ಲ. ಪರೀಕ್ಷಕರು ರೈಲು ನಿಲ್ದಾಣದ ಎದುರೋ ಪಾರ್ಕಿನ ಬಳಿಯೋ ಅಭ್ಯರ್ಥಿಯನ್ನು ಭೇಟಿಯಾಗಿ ಅಲ್ಲಿಂದಲೇ ರಸ್ತೆಗಿಳಿಯುತ್ತಿದ್ದರು. ಮೊದಲ ದಿನದಿಂದಲೂ ಟೆಸ್ಟ್ ನಡೆದದ್ದು ಜನ ಓಡಾಡುವ ರಸ್ತೆಯ ಮೇಲೆ, ಬೇಲಿ ಹಾಕಿದ ಮೈದಾನದಲ್ಲಲ್ಲ. 2023ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತವರು 1,624. ವಾಹನಗಳು ಹತ್ತಾರು ಪಟ್ಟು ಹೆಚ್ಚಿದ ಮೇಲಿನ ಲೆಕ್ಕವಿದು. ಇದರ ಯಶಸ್ಸನ್ನೆಲ್ಲ ಟೆಸ್ಟಿಗೆ ಕೊಡಲಾಗದು. ಸೀಟ್ ಬೆಲ್ಟ್, ಕುಡಿದು ಓಡಿಸುವವರ ಮೇಲಿನ ಕಾನೂನು, ಒಳ್ಳೆಯ ರಸ್ತೆ, ತುರ್ತು ಚಿಕಿತ್ಸೆ ಎಲ್ಲ ಸೇರಿವೆ. ಟೆಸ್ಟೂ ಅವುಗಳಲ್ಲೊಂದು.

ಬೀದರಿನಲ್ಲೂ ಅದೇ 8

ನಮ್ಮಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕ ಇದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಿಂದ, ರಾಜ್ಯದ ಯಾವ ಲೈಸೆನ್ಸ್ ಪ್ರಾಧಿಕಾರದಲ್ಲಿ ಬೇಕಾದರೂ ಡಿಎಲ್‌ಗೆ ಅರ್ಜಿ ಹಾಕುವ ಅವಕಾಶ ನಮಗೂ ಬಂದಿದೆ. ಆದರೆ ಪರವೂರಿನ ಟೆಸ್ಟ್ ಎಂಬ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ, ಏಕೆಂದರೆ ಬೀದರಿನಲ್ಲಾಗಲಿ ಚಾಮರಾಜನಗರದಲ್ಲಾಗಲಿ ಮೈದಾನದ 8 ಒಂದೇ. ಬೆಂಗಳೂರಿನ ಜ್ಞಾನಭಾರತಿಯಲ್ಲಿ ಸೆನ್ಸರ್ ಹಾಕಿದ ಸ್ವಯಂಚಾಲಿತ ಪಥವಿದೆ. ಅಲ್ಲಿ ಯಾರ ಶಿಫಾರಸೂ ನಡೆಯುವುದಿಲ್ಲ, ಗೆರೆ ಮುಟ್ಟಿದರೆ ಯಂತ್ರ ಹೇಳಿಬಿಡುತ್ತದೆ. ಇದು ಒಳ್ಳೆಯ ಕೆಲಸ. ಸ್ಟೀರಿಂಗ್ ಎಷ್ಟು ಹಿಡಿತದಲ್ಲಿದೆ, ಹಿಂದಕ್ಕೆ ತೆಗೆಯಲು ಬರುತ್ತದೆಯೇ ಎಂಬುದನ್ನು ಅದು ಪ್ರಾಮಾಣಿಕವಾಗಿ ಅಳೆಯುತ್ತದೆ. ಎದುರಿನಿಂದ ನುಗ್ಗುವ ಆಟೊ, ಡಿವೈಡರಿನ ಸಂದಿಯಿಂದ ಇಳಿಯುವ ಶಾಲಾಮಕ್ಕಳು, ರಾಂಗ್ ಸೈಡಿನಲ್ಲಿ ಬರುವ ಬೈಕು, ಇವನ್ನು ಚಾಲಕ ಮೊದಲೇ ಕಂಡನೇ ಎಂಬುದನ್ನು ಅಳೆಯಲು ಅದಕ್ಕೆ ಆಗದು. ಕೆಲವೆಡೆ ಕಚೇರಿ ಬದಿಯ ರಸ್ತೆಯಲ್ಲಿ ಒಂದು ಸುತ್ತು ಹೊಡೆಸುತ್ತಾರೆ. ಎರಡು ನಿಮಿಷದಲ್ಲಿ ಮುಗಿಯುವ ಆ ಸುತ್ತಿನಿಂದ ತಿಳಿಯುವುದು ಅಲ್ಪ.

ಹೀಗೆ ಡಿಎಲ್ ಪಡೆದ ಯುವಕರು ಶನಿವಾರ ಬೆಳಗ್ಗೆ ಬಾಡಿಗೆ ಕಾರು ಹಿಡಿದು ಬೆಂಗಳೂರಿನಿಂದ ಹೊರಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯತೊಡಗುತ್ತಾರೆ. ಆಷಾಢದ ಮಂಜಿನಲ್ಲಿ ಹತ್ತು ಮಾರು ಮುಂದಿನದು ಕಾಣದು. ಹೇರ್‌ಪಿನ್ ತಿರುವಿನಲ್ಲಿ ಮೇಲೇರುವ ಬಸ್ಸು ಪೂರ್ತಿ ಅಗಲ ಬಳಸುತ್ತದೆ. ಕಡಿದಾದ ಇಕ್ಕಟ್ಟಿನ ದಾರಿಯಲ್ಲಿ ಇಳಿಯುವವರು ಬದಿಗೆ ನಿಂತು ಏರುವವರಿಗೆ ಮೊದಲು ದಾರಿ ಬಿಡಬೇಕು ಎಂದು 2017ರ ಚಾಲನಾ ನಿಯಮಾವಳಿ ಹೇಳುತ್ತದೆ. ಆ ಹುಡುಗರಿಗೆ ಅದನ್ನು ಹೇಳಿಕೊಟ್ಟವರಿಲ್ಲ, ಕೇಳಿದವರೂ ಇಲ್ಲ. ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಬರದೆ ಬ್ರೇಕನ್ನೇ ಒತ್ತಿ ಹಿಡಿದರೆ ಅದು ಕಾದು ಕೈಕೊಡುತ್ತದೆ ಎಂಬುದು ಮೈದಾನದಲ್ಲಿ ಯಾರ ಅನುಭವಕ್ಕೂ ಬಂದಿರುವುದಿಲ್ಲ. ಗೊತ್ತಿಲ್ಲದ ಊರಿನ ಟೆಸ್ಟ್ ನಮ್ಮವರಿಗೂ ತಪ್ಪಿದ್ದಲ್ಲ. ಪಕ್ಕದಲ್ಲಿ ಪರೀಕ್ಷಕರಿಲ್ಲದೆ, ಹಿಂದಿನ ಸೀಟಿನಲ್ಲಿ ಗೆಳೆಯರನ್ನು ಕೂರಿಸಿಕೊಂಡು ಅದನ್ನು ಕೊಡುತ್ತಿದ್ದಾರೆ.

ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೆಯ ನಿಯಮ ಟೆಸ್ಟಿನಲ್ಲಿ ಚಾಲಕ ಏನೇನು ಮಾಡಿ ತೋರಿಸಬೇಕು ಎಂದು ಪಟ್ಟಿ ಕೊಟ್ಟಿದೆ. ಬೇರೆ ವಾಹನಗಳನ್ನು ಹಿಂದಿಕ್ಕುವುದು, ಎದುರಾಗುವ ವಾಹನದೊಂದಿಗೆ ನಡೆದುಕೊಳ್ಳುವುದು, ತಿರುಗುವ ಮೊದಲು ಕನ್ನಡಿ ಬಳಸುವುದು, ಏರು ಇಳಿಜಾರಿನಲ್ಲಿ ಗೇರು ಬದಲಿಸುವುದು, ಸಂಚಾರಿ ಫಲಕ ಮತ್ತು ದೀಪಗಳಿಗೆ ತಕ್ಷಣ ಸ್ಪಂದಿಸುವುದು, ಸಿಗ್ನಲ್ ಇಲ್ಲದ ಕಡೆ ಪಾದಚಾರಿಗಳು ದಾಟುವಾಗ ಸರಿಯಾಗಿ ವರ್ತಿಸುವುದು ಎಲ್ಲವೂ ಅದರಲ್ಲಿವೆ. ಈ ಪಟ್ಟಿ ಬರೆದವರ ಕಣ್ಣೆದುರು ಇದ್ದದ್ದು ರಸ್ತೆ. ಡ್ರೈವಿಂಗ್ ಸ್ಕೂಲಿನ ಕಾರುಗಳಲ್ಲಿ ಪಕ್ಕದ ಸೀಟಿಗೂ ಹಿಡಿತದ ಸಾಧನ ಇರಬೇಕೆಂದು ಅದೇ ನಿಯಮಗಳು ಹೇಳುವುದರಿಂದ, ಪಕ್ಕದಲ್ಲಿ ಕೂರುವ ಇನ್‌ಸ್ಪೆಕ್ಟರರ ಸುರಕ್ಷತೆಗೂ ದಾರಿಯಿದೆ. ಮೈದಾನದ 8 ಮುಗಿದ ಮೇಲೆ ಗೇಟಿನಿಂದ ಹೊರಗೆ, ಅಭ್ಯರ್ಥಿಗೆ ಮೊದಲೇ ಹೇಳದ ದಾರಿಯಲ್ಲಿ, 20 ನಿಮಿಷ ಓಡಿಸಿ ನೋಡುವ ಕ್ರಮವನ್ನು ಹಾಸನ, ಮಡಿಕೇರಿ, ಚಿಕ್ಕಮಗಳೂರಿನಂಥ ಘಾಟಿ ಸೆರಗಿನ ಒಂದೆರಡು ಆರ್‌ಟಿಒಗಳಲ್ಲಾದರೂ ಸಾರಿಗೆ ಇಲಾಖೆ ಪ್ರಯೋಗಕ್ಕೆ ಶುರುಮಾಡಬೇಕು. ಅದಕ್ಕೆ ಬೇಕಾದಷ್ಟು ಇನ್‌ಸ್ಪೆಕ್ಟರರ ನೇಮಕ ಮೊದಲು ಆಗಬೇಕು. ಪರೀಕ್ಷಕರು ಸಾಲದೆ ಸಾಲು ಹೇಗೆ ಬೆಳೆಯುತ್ತದೆ ಎಂಬುದನ್ನು ಬ್ರಿಟನ್ ಈಗ ಕಾಣುತ್ತಿದೆ.